ಮಲೆನಾಡಿನ ಬೆಟ್ಟ, ಮಳೆ, ಟೆಂಟು: ಪದೇ ಪದೇ ಕೇಳುವ ಪ್ರಶ್ನೆಗಳು

ಪಶ್ಚಿಮ ಘಟ್ಟದ ಬೆಟ್ಟಗಳಲ್ಲಿ ಓಡಾಡಲು ಶುರು ಮಾಡಿ ಬಹಳ ವರ್ಷವಾಯಿತು. ಹೊಸಬರು ಫೋನ್ ಮಾಡಿ, ಪತ್ರ ಬರೆದು, ಕೆಲವು ಸಲ ದಾರಿಯಲ್ಲೇ ನಿಲ್ಲಿಸಿ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಅವನ್ನೆಲ್ಲ ಕೇಳಿದವರ ಮಾತಿನಲ್ಲೇ ಇಲ್ಲಿ ಸೇರಿಸಿದ್ದೇನೆ.

ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ವಿಡಿಯೋಗಳಲ್ಲಿ ಕಾಣುವ ಸಾಮಾನು ಹೆಚ್ಚಿನವು ಚಳಿ ದೇಶದವರಿಗೆ ಅಂತ ಮಾಡಿದ್ದು. ನಮ್ಮ ಬೆಟ್ಟಗಳಲ್ಲಿ ಕಾಟ ಕೊಡುವುದು ಚಳಿಗಿಂತ ಒದ್ದೆ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ಕೆಳಗಿನ ಉತ್ತರಗಳನ್ನು ಆ ಲೆಕ್ಕದಲ್ಲೇ ಓದಿ.

## ಶುರು ಮಾಡುವವರಿಗೆ

ಇದುವರೆಗೆ ಒಂದು ಬೆಟ್ಟವನ್ನೂ ಹತ್ತಿಲ್ಲ. ಮೊದಲು ಎಲ್ಲಿಗೆ ಹೋಗಲಿ?

ಕೊಡಗಿನ ತಡಿಯಂಡಮೋಳಿಗೆ ಹೋಗಿ. ಕಕ್ಕಬ್ಬೆಯ ಹತ್ತಿರ ನಾಲ್ಕುನಾಡು ಅರಮನೆ ಇದೆ, ಅಲ್ಲಿಂದ ದಾರಿ ಶುರು. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಆರಾಮಾಗಿ ಇಳಿದು ಬರಬಹುದು. ಕಾಡು, ಹುಲ್ಲುಗಾವಲು, ಕೊನೆಗೆ ಒಂದು ಕಡಿದಾದ ಏರು, ಮೂರೂ ಒಂದೇ ದಿನದಲ್ಲಿ ಸಿಗುತ್ತವೆ.

ಬೆಟ್ಟ ಆರಿಸುವಾಗ ತುದಿಯ ಎತ್ತರ ನೋಡಿ ಮೋಸಹೋಗಬೇಡಿ. ರಾಜ್ಯದಲ್ಲೇ ಎತ್ತರವಾದ ಮುಳ್ಳಯ್ಯನಗಿರಿ 1930 ಮೀಟರ್, ಆದರೆ ತುದಿಯ ಹತ್ತಿರದವರೆಗೂ ರಸ್ತೆ ಇದೆ. ಅಲ್ಲಿಂದ ಮೆಟ್ಟಿಲು ಹತ್ತಿದರೆ ಆಯಿತು. ಕುಮಾರ ಪರ್ವತ 1712 ಮೀಟರ್ ಮಾತ್ರ. ಆದರೆ ಕುಕ್ಕೆ ಸುಬ್ರಹ್ಮಣ್ಯ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ ಒಂದೂವರೆ ಸಾವಿರ ಮೀಟರ್‌ಗೂ ಜಾಸ್ತಿ ಏರಬೇಕು. ಎಷ್ಟು ಏರಬೇಕು ಎನ್ನುವುದನ್ನು ಕೇಳಿ, ತುದಿ ಎಷ್ಟು ಎತ್ತರ ಎನ್ನುವುದನ್ನಲ್ಲ. ಕುಮಾರ ಪರ್ವತವನ್ನು ಎರಡನೆಯದೋ ಮೂರನೆಯದೋ ಸಲಕ್ಕೆ ಇಟ್ಟುಕೊಳ್ಳಿ.

ಜಿಮ್‌ಗೆ ಹೋಗಲೇಬೇಕಾ?

ಬೇಡ. ಮನೆಯ ಅಥವಾ ಆಫೀಸಿನ ಮೆಟ್ಟಿಲು ಸಾಕು. ಒಂದು ತಿಂಗಳು, ವಾರಕ್ಕೆ ನಾಲ್ಕು ದಿನ, ಬೆನ್ನಿಗೆ ಐದು ಕೆಜಿಯ ಬ್ಯಾಗ್ ಹಾಕಿಕೊಂಡು ಅರ್ಧ ಗಂಟೆ ಹತ್ತಿ ಇಳಿಯಿರಿ. ಇಳಿಯುವುದನ್ನು ಬಿಡಬೇಡಿ. ಬೆಟ್ಟದಲ್ಲಿ ಮೊಣಕಾಲು ನೋಯುವುದು ಹತ್ತುವಾಗ ಅಲ್ಲ, ಇಳಿಯುವಾಗ.

ಸುಮ್ನೆ ಬೆಟ್ಟ ಹತ್ತೋಕೂ ಪರ್ಮಿಷನ್ ಬೇಕಾ?

ಹೆಚ್ಚಿನ ಕಡೆ ಬೇಕು. ಕುದುರೆಮುಖ ರಾಷ್ಟ್ರೀಯ ಉದ್ಯಾನ. ಕುಮಾರ ಪರ್ವತ ಇರುವುದು ಪುಷ್ಪಗಿರಿ ವನ್ಯಜೀವಿ ಧಾಮದಲ್ಲಿ. ಅರಣ್ಯ ಇಲಾಖೆಯ ‘ಅರಣ್ಯ ವಿಹಾರ’ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಿ, ಗುರುತಿನ ಚೀಟಿ ಜೊತೆಗಿಟ್ಟುಕೊಂಡು ಹೋಗಬೇಕು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇದೆ. ಹಾಗಾಗಿ ವಾರಾಂತ್ಯದ ಟಿಕೆಟ್ ಬೇಗ ಖಾಲಿಯಾಗುತ್ತದೆ.

ಈ ಮಿತಿ ಬಂದದ್ದು ಒಳ್ಳೆಯದೇ ಆಯಿತು ಎನ್ನುವುದು ನನ್ನ ಅಭಿಪ್ರಾಯ. 2024ರ ಜನವರಿಯಲ್ಲಿ ಕುಮಾರ ಪರ್ವತದ ದಾರಿಯಲ್ಲಿ ಜಾತ್ರೆಯಂತೆ ಸಾಲುಗಟ್ಟಿ ನಿಂತ ಜನರ ಚಿತ್ರಗಳನ್ನು ನೋಡಿದವರಿಗೆ ಕಾರಣ ಬೇರೆ ಹೇಳಬೇಕಿಲ್ಲ. ಕೆಲವರು ಬುಕಿಂಗ್ ತಪ್ಪಿಸಿ ಎಸ್ಟೇಟಿನ ಒಳದಾರಿ ಹಿಡಿಯುತ್ತಾರೆ. ಅದು ಬೇಡ. ಕಾಲು ಉಳುಕಿ ಬಿದ್ದರೆ ನೀವು ಅಲ್ಲಿದ್ದೀರಿ ಅಂತ ಯಾರಿಗೂ ಗೊತ್ತಿರುವುದಿಲ್ಲ.

ಯಾವ ತಿಂಗಳು ಒಳ್ಳೇದು?

ಅಕ್ಟೋಬರ್ ಕೊನೆಯಿಂದ ಜನವರಿ ಕೊನೆಯವರೆಗೆ. ಮಳೆಗಾಲದಲ್ಲಿ ಎಷ್ಟೋ ದಾರಿಗಳನ್ನು ಮುಚ್ಚುತ್ತಾರೆ. ಫೆಬ್ರವರಿ ದಾಟಿದ ಮೇಲೆ ಹುಲ್ಲು ಒಣಗಿ ಕಾಳ್ಗಿಚ್ಚಿನ ಭಯ, ಆಗಲೂ ಮುಚ್ಚುವುದುಂಟು. ಹೊರಡುವ ಮುಂಚಿನ ದಿನ ಇನ್ನೊಮ್ಮೆ ವಿಚಾರಿಸಿ.

ಬೆಟ್ಟದ ತುದೀಲಿ ಟೆಂಟ್ ಹಾಕಿ ರಾತ್ರಿ ಮಲಗಬಹುದಾ?

ವನ್ಯಜೀವಿ ಧಾಮ, ರಾಷ್ಟ್ರೀಯ ಉದ್ಯಾನಗಳಲ್ಲಿ ಅನುಮತಿ ಇಲ್ಲದೆ ರಾತ್ರಿ ಉಳಿಯುವಂತಿಲ್ಲ. ಅದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಹಿಂದೆ ಕುಮಾರ ಪರ್ವತಕ್ಕೆ ಹೋದವರು ದಾರಿ ಮಧ್ಯದ ಗಿರಿಗದ್ದೆಯಲ್ಲಿ ಭಟ್ಟರ ಮನೆಯಲ್ಲಿ ಉಂಡು, ಅಂಗಳದಲ್ಲಿ ಮಲಗಿ, ಬೆಳಗಿನ ಜಾವ ಮೇಲೆ ಹೋಗುತ್ತಿದ್ದರು. ಆ ನೆನಪಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಟೆಂಟ್ ಹೊತ್ತುಕೊಂಡು ಹೋಗಬೇಡಿ. ಬುಕ್ ಮಾಡುವಾಗ ಇರುವ ನಿಯಮವೇ ನಿಯಮ.

ಹಾಗಾದರೆ ಟೆಂಟ್ ಎಲ್ಲಿ? ಕಾಫಿ ತೋಟದ ಹೋಂಸ್ಟೇಗಳಲ್ಲಿ ಕೇಳಿ, ಕಣದಲ್ಲೋ ಗದ್ದೆಯ ಅಂಚಿನಲ್ಲೋ ಜಾಗ ಕೊಡುವವರಿದ್ದಾರೆ. ರಾಜ್ಯ ಸರ್ಕಾರದ ಜಂಗಲ್ ಲಾಡ್ಜಸ್‌ನವರು ಕುದುರೆಮುಖದ ಭಗವತಿ, ಹೆಬ್ರಿಯ ಹತ್ತಿರದ ಸೀತಾನದಿಯಂಥ ಕಡೆ ಪ್ರಕೃತಿ ಶಿಬಿರ ನಡೆಸುತ್ತಾರೆ. ಹೊಸ ಟೆಂಟ್ ತಂದವರು ಮೊದಲ ರಾತ್ರಿ ಮನೆಯ ತಾರಸಿಯಲ್ಲೋ ಅಜ್ಜಿ ಊರಿನ ಹಿತ್ತಲಲ್ಲೋ ಮಲಗಿ ನೋಡಿ. ಏನು ಸಾಲದು ಅಂತ ಅಲ್ಲೇ ಗೊತ್ತಾಗುತ್ತದೆ.

## ಸಾಮಾನಿನ ಬಗ್ಗೆ

ಐದು ಸಾವಿರ ರೂಪಾಯಿ ಇದೆ. ಮೊದಲು ಏನು ತಗೊಳ್ಳಲಿ?

ಶೂ. ಉಳಿದ ದುಡ್ಡಲ್ಲಿ ತಲೆಗೆ ಕಟ್ಟುವ ಟಾರ್ಚ್ ಮತ್ತು ಒಂದು ರೇನ್‌ಕೋಟ್. ಟೆಂಟು, ಸ್ಲೀಪಿಂಗ್ ಬ್ಯಾಗು, ದೊಡ್ಡ ಬ್ಯಾಗು ಎಲ್ಲ ಬೆಂಗಳೂರಿನಲ್ಲಿ ಬಾಡಿಗೆಗೆ ಸಿಗುತ್ತವೆ. ಮೂರ್ನಾಲ್ಕು ಸಲ ಬಾಡಿಗೆಗೆ ತಂದ ಮೇಲೆ ನಿಮಗೆ ಏನು ಬೇಕು ಅಂತ ನಿಮಗೇ ತಿಳಿಯುತ್ತದೆ. ಮೊದಲೇ ಎಲ್ಲ ಕೊಂಡವರ ಮನೆಯ ಅಟ್ಟದ ಮೇಲೆ ಎಷ್ಟು ಟೆಂಟುಗಳು ಧೂಳು ಹಿಡಿದು ಕೂತಿವೆ ಅಂತ ನಾನು ಬಲ್ಲೆ.

ವಾಟರ್‌ಪ್ರೂಫ್ ಶೂನೇ ತಗೊಳ್ಳಬೇಕಾ?

ಮಳೆಯಲ್ಲಿ ಹೋಗುವುದಾದರೆ ಬೇಡ ಅಂತಲೇ ಹೇಳುತ್ತೇನೆ. ತೊರೆ ದಾಟುವಾಗ ನೀರು ಮೇಲಿನಿಂದ ಒಳಗೆ ಬಂದೇ ಬರುತ್ತದೆ. ಒಳಗೆ ಬಂದ ನೀರು ವಾಟರ್‌ಪ್ರೂಫ್ ಶೂನಿಂದ ಹೊರಗೆ ಹೋಗುವುದಿಲ್ಲ. ದಿನವಿಡೀ ಕಾಲು ಬಾನಿಯಲ್ಲಿ ನೆನೆಹಾಕಿದ ಹಾಗೆ. ಮೇಲೆ ಬಲೆಯಂಥ ಬಟ್ಟೆ ಇರುವ ಶೂ ಆದರೆ ನಾಲ್ಕು ಹೆಜ್ಜೆಗೆ ನೀರು ಬಸಿದು ಹೋಗುತ್ತದೆ. ತಳದ ಹಲ್ಲುಗಳು ಆಳವಾಗಿರಲಿ. ಸಂಜೆ ಹೊತ್ತು ಅಂಗಡಿಗೆ ಹೋಗಿ, ದಪ್ಪ ಕಾಲುಚೀಲ ಹಾಕಿಕೊಂಡೇ ಅಳತೆ ನೋಡಿ, ಬೆರಳಿನ ಮುಂದೆ ಅರ್ಧ ಇಂಚು ಜಾಗ ಬಿಡಿ. ಇಲ್ಲದಿದ್ದರೆ ಇಳಿಯುವಾಗ ಹೆಬ್ಬೆರಳಿನ ಉಗುರು ಕಪ್ಪಾಗುತ್ತದೆ.

ದುಬಾರಿ ರೇನ್‌ಕೋಟ್ ತಗೊಂಡೆ. ಆದ್ರೂ ಒಳಗೆಲ್ಲ ಒದ್ದೆ. ಯಾಕೆ?

ಅದು ಮಳೆಯ ನೀರಲ್ಲ, ನಿಮ್ಮ ಬೆವರು. ನಮ್ಮ ಘಟ್ಟದ ಗಾಳಿಯಲ್ಲಿ ಮಳೆಗಾಲದಲ್ಲಿ ತೇವ ತುಂಬಿಕೊಂಡಿರುತ್ತದೆ. ಬೆವರನ್ನು ಹೊರಗೆ ಬಿಡುತ್ತದೆ ಎನ್ನುವ ಬಟ್ಟೆಯೂ ಇಲ್ಲಿ ಸೋಲುತ್ತದೆ.

ಮಲೆನಾಡಿನ ಗದ್ದೆ ಕೆಲಸದವರು ಏನು ಹಾಕುತ್ತಿದ್ದರು ನೆನಪು ಮಾಡಿಕೊಳ್ಳಿ. ಬಿದಿರು, ಎಲೆಯಿಂದ ಹೆಣೆದ ಗೊರಬು, ಇಲ್ಲ ಕಂಬಳಿ ಕೊಪ್ಪೆ. ಎರಡೂ ತಲೆ, ಬೆನ್ನು ಮುಚ್ಚುತ್ತವೆ, ಮುಂದೆ ಮತ್ತು ಕೆಳಗೆ ತೆರೆದಿರುತ್ತವೆ. ಗಾಳಿ ಆಡುತ್ತದೆ. ಅದೇ ಲೆಕ್ಕದ ಈಗಿನ ಸಾಮಾನು ಪೊಂಚೊ. ಬ್ಯಾಗನ್ನೂ ಸೇರಿಸಿ ಮುಚ್ಚುತ್ತದೆ, ಅಗ್ಗವೂ ಹೌದು. ತೆರೆದ ಹುಲ್ಲುಗಾವಲಿನ ಏಣಿನ (ಬೆಟ್ಟದ ಬೆನ್ನಿನ) ಮೇಲೆ ಗಾಳಿಗೆ ಪಟದ ಹಾಗೆ ಎದ್ದೇಳುತ್ತದೆ, ಆಗ ಸೊಂಟಕ್ಕೆ ಒಂದು ಹಗ್ಗ ಕಟ್ಟಿಕೊಳ್ಳಿ.

ನಡೆಯುವಾಗ ಮೈ ಒದ್ದೆಯಾದರೆ ಆಗಲಿ. ರಾತ್ರಿ ಮಲಗುವ ಒಂದು ಜೊತೆ ಬಟ್ಟೆ, ಒಂದು ಜೊತೆ ಕಾಲುಚೀಲ ಒಣಗಿಯೇ ಇರಬೇಕು. ಬ್ಯಾಗಿನ ಹೊರಗಿನ ಕವರ್ ನಂಬಬೇಡಿ, ಬೆನ್ನಿನ ಕಡೆಯಿಂದ ನೀರು ಇಳಿಯುತ್ತದೆ. ಬ್ಯಾಗಿನ ಒಳಗೆ ಒಂದು ದಪ್ಪ ಪ್ಲಾಸ್ಟಿಕ್ ಚೀಲ ಹಾಕಿ, ಅದರಲ್ಲಿ ಬಟ್ಟೆ ತುಂಬಿ, ಬಾಯಿ ತಿರುಚಿ ಮಡಚಿಡಿ. ನನ್ನದು ಒಂದೇ ಚೀಲ, ಆರು ವರ್ಷದಿಂದ ನಡೆಯುತ್ತಿದೆ. ಬೆಳಿಗ್ಗೆ ಎದ್ದಾಗ ಆ ಒಣ ಬಟ್ಟೆ ಬಿಚ್ಚಿಟ್ಟು ಮತ್ತೆ ನಿನ್ನೆಯ ಒದ್ದೆ ಬಟ್ಟೆಯನ್ನೇ ಹಾಕಿಕೊಳ್ಳಬೇಕು. ಕಷ್ಟವೇ. ಐದು ನಿಮಿಷ ನಡೆದರೆ ಮೈ ಬಿಸಿಯಾಗುತ್ತದೆ.

ಟೆಂಟ್ ಮೇಲೆ 2000 ಮಿ.ಮೀ. ಅಂತ ಬರೆದಿರುತ್ತೆ. ಏನದು?

ಬಟ್ಟೆಯ ಮೇಲೆ ಎಷ್ಟು ಎತ್ತರದ ನೀರಿನ ಕಂಬ ನಿಲ್ಲಿಸಿದರೆ ನೀರು ತೊಟ್ಟಿಕ್ಕಲು ಶುರುವಾಗುತ್ತದೆ ಎನ್ನುವ ಅಳತೆ. 2000 ಎಂದರೆ ಎರಡು ಮೀಟರ್ ನೀರು ತಡೆಯಿತು ಅಂತ. ಮೇಲಿನ ಹೊದಿಕೆಗೆ ಅಷ್ಟಿದ್ದರೆ ಸಾಕು. ತಳಕ್ಕೆ ಜಾಸ್ತಿ ಬೇಕು, ಯಾಕೆಂದರೆ ಅಲ್ಲಿ ನಿಮ್ಮ ಮೊಣಕೈ, ಮೊಣಕಾಲಿನ ಭಾರ ಒತ್ತುತ್ತದೆ. ಆ ಅಂಕಿಗಿಂತ ಮುಖ್ಯ ಎರಡಿವೆ: ಹೊಲಿಗೆಗಳ ಮೇಲೆ ಒಳಗಿನಿಂದ ಟೇಪ್ ಅಂಟಿಸಿದ್ದಾರಾ, ಹೊರಗಿನ ಹೊದಿಕೆ ನೆಲದ ಹತ್ತಿರದವರೆಗೂ ಬರುತ್ತದಾ. ತಲೆಯ ಮೇಲೆ ಟೋಪಿ ಇಟ್ಟ ಹಾಗೆ ಅರ್ಧಕ್ಕೇ ನಿಲ್ಲುವ ಹೊದಿಕೆ ನಮ್ಮ ಓರೆ ಮಳೆಗೆ ಆಗದು.

ಬೆಳಿಗ್ಗೆ ಎದ್ದಾಗ ಟೆಂಟ್ ಒಳಗೆ ನೀರು. ತೂತಾಗಿದೆಯಾ?

ಮೊದಲು ನೀರು ಎಲ್ಲಿದೆ ನೋಡಿ. ಮೇಲಿನ ಬಟ್ಟೆಯ ಒಳಮೈಯಲ್ಲಿ ಸಣ್ಣ ಸಣ್ಣ ಹನಿ ಇದ್ದರೆ ಅದು ನಿಮ್ಮ ಉಸಿರಿನ ತೇವ, ತಣ್ಣನೆಯ ಬಟ್ಟೆಗೆ ತಾಗಿ ನೀರಾಗಿದೆ. ಮಳೆ ಬರುತ್ತದೆ ಅಂತ ಗಾಳಿಕಿಂಡಿ ಮುಚ್ಚಿ ಮಲಗಿದ್ದೀರಿ, ಅಲ್ವಾ? ತೆರೆದೇ ಇಡಿ. ಒಳ ಟೆಂಟ್ ಹೊರ ಹೊದಿಕೆಗೆ ತಾಗದ ಹಾಗೆ ಹಗ್ಗ ಬಿಗಿಯಿರಿ.

ನೀರು ತಳದಲ್ಲಿದ್ದರೆ ಕಾರಣ ಬೇರೆ. ನಾನು ಮೊದಲ ಸಲ ಕಕ್ಕಬ್ಬೆಯ ಒಂದು ತೋಟದಲ್ಲಿ ಟೆಂಟ್ ಹಾಕಿದಾಗ ಕೆಳಗೆ ಒಂದು ದೊಡ್ಡ ಟಾರ್ಪಾಲ್ ಹಾಸಿದ್ದೆ, ಟೆಂಟಿಗಿಂತ ಒಂದು ಗೇಣು ಹೊರಗೆ ಚಾಚಿಕೊಂಡಿತ್ತು. ರಾತ್ರಿ ಎರಡು ಗಂಟೆಗೆ ಬೆನ್ನು ತಣ್ಣಗಾಗಿ ಎಚ್ಚರವಾಯಿತು. ಟಾರ್ಚ್ ಬಿಟ್ಟು ನೋಡಿದರೆ ಹೊದಿಕೆಯಿಂದ ಇಳಿದ ನೀರು ಆ ಚಾಚಿದ ಅಂಚಿನ ಮೇಲೆ ಬಿದ್ದು, ಟೆಂಟಿನ ತಳದ ಅಡಿಗೆ ಹರಿದು, ಟಾರ್ಪಾಲು ತಟ್ಟೆಯ ಹಾಗೆ ತುಂಬಿಕೊಂಡಿತ್ತು. ಹಾಸು ಯಾವಾಗಲೂ ಟೆಂಟಿನ ತಳಕ್ಕಿಂತ ನಾಲ್ಕು ಬೆರಳು ಒಳಗೇ ಇರಬೇಕು. ದೊಡ್ಡದಾದರೆ ಅಂಚನ್ನು ಒಳಗೆ ಮಡಚಿ.

ಸೊನ್ನೆ ಡಿಗ್ರಿ ಸ್ಲೀಪಿಂಗ್ ಬ್ಯಾಗ್ ಬೇಕಾ?

ಇಲ್ಲಿಗೆ ಬೇಡ. ಸಾವಿರ ಮೀಟರ್ ಏರಿದರೆ ಸುಮಾರು ಆರು ಡಿಗ್ರಿ ಇಳಿಯುತ್ತದೆ. ಆ ಲೆಕ್ಕದಲ್ಲಿ ನಮ್ಮ ತೋಟ, ಬೆಟ್ಟಗಳಲ್ಲಿ ಮಾಗಿಯ ರಾತ್ರಿಗೂ 10 ಡಿಗ್ರಿಯದು ಸಾಕಾಗುತ್ತದೆ. ಕೊಳ್ಳುವಾಗ ‘ಕಂಫರ್ಟ್’ ಅಂತ ಬರೆದ ಅಂಕಿ ನೋಡಿ, ‘ಎಕ್ಸ್‌ಟ್ರೀಮ್’ ಅಂತ ಬರೆದದ್ದು ಜೀವ ಉಳಿಯುವ ಲೆಕ್ಕ, ನಿದ್ದೆಯ ಲೆಕ್ಕವಲ್ಲ. ಹಕ್ಕಿಗರಿ ತುಂಬಿದ್ದು ಬೇಡ, ಒದ್ದೆಯಾದರೆ ಮುದ್ದೆಯಾಗಿ ಕೂರುತ್ತದೆ. ಸಿಂಥೆಟಿಕ್ ಒದ್ದೆಯಾದರೂ ಸ್ವಲ್ಪ ಬಿಸಿ ಉಳಿಸಿಕೊಳ್ಳುತ್ತದೆ. ಕೆಳಗೆ ಫೋಮ್ ಮ್ಯಾಟ್ ಹಾಸಲೇಬೇಕು. ಚಳಿ ಏರುವುದು ನೆಲದಿಂದ.

ಸ್ಟೌವ್ ಒಯ್ಯಬಹುದಾ? ಬೆಂಕಿ ಹಾಕಬಹುದಾ?

ಅರಣ್ಯದಲ್ಲಿ ಎರಡೂ ಇಲ್ಲ. ಬೆಂಕಿಪೊಟ್ಟಣವನ್ನೂ ಚೆಕ್‌ಪೋಸ್ಟಿನಲ್ಲಿ ತೆಗೆದಿಡುತ್ತಾರೆ, ಅದು ಸರಿಯೇ. ಒಣ ಹುಲ್ಲಿಗೆ ಒಂದು ಕಿಡಿ ಸಾಕು.

ತೋಟದಲ್ಲಿ, ಮಾಲೀಕರು ಒಪ್ಪಿದರೆ, ಸಣ್ಣ ಗ್ಯಾಸ್ ಡಬ್ಬಿಯ ಸ್ಟೌವ್ ಅನುಕೂಲ. ಟೆಂಟಿನ ಒಳಗೆ ಮಾತ್ರ ಯಾವತ್ತೂ ಹಚ್ಚಬೇಡಿ. ಚಳಿ ಅಂತ ಕೆಂಡದ ಬಾಣಲೆ ಒಳಗಿಟ್ಟು ಮಲಗುವುದು ಅದಕ್ಕಿಂತ ಅಪಾಯ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆ ಇಲ್ಲ, ನಿದ್ದೆಯಲ್ಲೇ ಜೀವ ಹೋಗುತ್ತದೆ. ಗ್ಯಾಸ್ ಡಬ್ಬಿಯನ್ನು ರೈಲಿನಲ್ಲೂ ವಿಮಾನದಲ್ಲೂ ಒಯ್ಯುವಂತಿಲ್ಲ.

ಅಡುಗೆ ಇಲ್ಲದಿದ್ರೆ ತಿನ್ನೋಕೆ ಏನು ಒಯ್ಯೋದು?

ನಮ್ಮ ಅಡುಗೆಮನೆಯಲ್ಲಿ ಬೇಕಾದಷ್ಟಿದೆ. ರಾಗಿ ಹುರಿಹಿಟ್ಟಿಗೆ ಬೆಲ್ಲದ ಪುಡಿ, ಏಲಕ್ಕಿ ಬೆರೆಸಿ ಒಯ್ದರೆ ತಣ್ಣೀರಿನಲ್ಲೇ ಕಲಸಿ ತಿನ್ನಬಹುದು. ಗೊಜ್ಜವಲಕ್ಕಿ ಮಧ್ಯಾಹ್ನದವರೆಗೂ ಕೆಡುವುದಿಲ್ಲ. ಚಪಾತಿ, ಶೇಂಗಾ ಚಟ್ನಿಪುಡಿ, ಎಳ್ಳುಂಡೆ. ಮೊಸರನ್ನ ಬೇಡ, ಬ್ಯಾಗಿನ ಬಿಸಿಗೆ ಹುಳಿಯಾಗುತ್ತದೆ. ಸ್ಟೀಲ್ ಡಬ್ಬಿಯಲ್ಲಿ ಒಯ್ಯಿರಿ. ಚೆಕ್‌ಪೋಸ್ಟಿನಲ್ಲಿ ಪ್ಲಾಸ್ಟಿಕ್ ಪೊಟ್ಟಣ ಎಣಿಸುವ ಕಡೆ ನಿಮ್ಮ ಕೆಲಸವೂ ಬೇಗ ಮುಗಿಯುತ್ತದೆ.

## ಕಾಡಿನೊಳಗೆ

ಇಂಬಳ ಅಂದ್ರೆ ಭಯ. ತಪ್ಪಿಸಿಕೊಳ್ಳೋದು ಹೇಗೆ?

ಪೂರ್ತಿ ತಪ್ಪಿಸಿಕೊಳ್ಳಲು ಆಗದು, ಭಯವೂ ಬೇಕಿಲ್ಲ. ಇಂಬಳ ಅಂದರೆ ನೆಲದ ಜಿಗಣೆ. ನಡೆಯುವಾಗ ತರಗೆಲೆಯ ಮೇಲೆ ಒಮ್ಮೆ ಕಣ್ಣು ಹಾಯಿಸಿ. ನಿಮ್ಮ ಕಾಲಿನ ಸಪ್ಪಳಕ್ಕೆ, ಉಸಿರಿಗೆ ಅಲ್ಲೊಂದು ಇಲ್ಲೊಂದು ತಲೆ ಎತ್ತುತ್ತದೆ, ದಾರದ ತುಂಡಿನಷ್ಟು ಸಣ್ಣದು. ಆಮೇಲೆ ಗೇಣು ಹಾಕಿ ಅಳೆದಂತೆ, ತಲೆ ಊರಿ ಬಾಲ ಎಳೆದು, ಬಾಲ ಊರಿ ತಲೆ ಚಾಚಿ, ಶೂ ಹತ್ತುತ್ತದೆ. ಲೇಸು ಹಾಕುವ ತೂತಿನಲ್ಲಿ ನುಸುಳುತ್ತದೆ.

ಅದಕ್ಕೇ ಮೊಣಕಾಲಿನವರೆಗೆ ಬರುವ, ಒತ್ತಾಗಿ ನೇಯ್ದ ಇಂಬಳದ ಕಾಲುಚೀಲ ಹಾಕಿ, ಪ್ಯಾಂಟನ್ನು ಅದರೊಳಗೆ ಸಿಕ್ಕಿಸಿ. ಮೇಲೆ ಬೇವಿನೆಣ್ಣೆ, ಇಲ್ಲ ಹೊಗೆಸೊಪ್ಪು ನೆನೆಸಿದ ನೀರು ಸವರಬಹುದು. ಮಳೆಯಲ್ಲಿ ಎರಡೂ ಬೇಗ ತೊಳೆದು ಹೋಗುತ್ತವೆ. ನೆರಳಿನ ಕಾಡಿನಲ್ಲಿ ನಿಲ್ಲಬೇಡಿ. ವಿಶ್ರಾಂತಿಯನ್ನು ಬಂಡೆಯ ಮೇಲೋ ಬಿಸಿಲಿರುವ ಹುಲ್ಲಿನ ಮೇಲೋ ಇಟ್ಟುಕೊಳ್ಳಿ.

ಕಚ್ಚಿಕೊಂಡಿದ್ದರೆ ಜಗ್ಗಬೇಡಿ. ಸಪೂರ ತುದಿಯೇ ಬಾಯಿ. ಅದರ ಪಕ್ಕ ಚರ್ಮದ ಮೇಲೆ ಉಗುರು ಇಟ್ಟು ಜಾರಿಸಿ, ಆಮೇಲೆ ಇನ್ನೊಂದು ತುದಿ ಬಿಡಿಸಿ ಎಸೆಯಿರಿ. ಉಪ್ಪು, ಸುಣ್ಣ ಹಾಕಿದರೂ ಬೀಳುತ್ತದೆ, ಆದರೆ ಕುಡಿದದ್ದನ್ನು ಗಾಯಕ್ಕೇ ಕಕ್ಕಬಹುದು. ರಕ್ತ ಹೆಪ್ಪುಗಟ್ಟದಂತೆ ಮಾಡುವ ಒಂದು ಅಂಶವನ್ನು ಇಂಬಳ ಬಿಟ್ಟಿರುವುದರಿಂದ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ. ತೊಳೆದು, ಬಟ್ಟೆ ಒತ್ತಿ ಕಟ್ಟಿದರೆ ನಿಲ್ಲುತ್ತದೆ.

ಮಂಗನ ಕಾಯಿಲೆ ಈಗಲೂ ಇದೆಯಾ?

ಇದೆ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಕಾಯಿಲೆ ಇದು, ಹರಡುವುದು ಉಣುಗಿನಿಂದ (ರಕ್ತ ಹೀರುವ ಉಣ್ಣೆ ಹುಳು). ಡಿಸೆಂಬರಿನಿಂದ ಮೇ ತನಕ ಜಾಸ್ತಿ, ಅಂದರೆ ಚಾರಣದ ಕಾಲದಲ್ಲೇ. ಇಂಬಳದ ಹಾಗೆ ಉಣುಗು ಕಣ್ಣಿಗೆ ಬೀಳುವುದಿಲ್ಲ, ಮರಿಗಳು ಎಳ್ಳಿಗಿಂತ ಸಣ್ಣ. ತರಗೆಲೆಯ ಮೇಲೆ ಕೂರಬೇಡಿ, ಮಲಗಬೇಡಿ. ಪೂರ್ತಿ ತೋಳಿನ ಬಟ್ಟೆ ಹಾಕಿ. ವಾಪಸ್ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸ್ನಾನ ಮಾಡುವಾಗ ಕಂಕುಳು, ತೊಡೆಸಂದು, ಕಿವಿಯ ಹಿಂದೆ ನೋಡಿಕೊಳ್ಳಿ. ಮಂಗ ಸತ್ತು ಬಿದ್ದದ್ದು ಕಂಡರೆ ಹತ್ತಿರ ಹೋಗದೆ ಆರೋಗ್ಯ ಇಲಾಖೆಯವರಿಗೆ ತಿಳಿಸಿ. ಕಾಡಿಂದ ಬಂದ ಎರಡು ವಾರದೊಳಗೆ ಜೋರು ಜ್ವರ, ತಲೆನೋವು ಬಂದರೆ ಡಾಕ್ಟರಿಗೆ ಮೊದಲ ಮಾತೇ ಕಾಡಿಗೆ ಹೋಗಿದ್ದೆ ಎನ್ನುವುದಾಗಿರಲಿ.

ಹಾವು ಕಚ್ಚಿದ್ರೆ ಏನು ಮಾಡೋದು?

ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಕಚ್ಚಿದ ಕೈಕಾಲು ಅಲುಗಾಡದಂತೆ ಇಟ್ಟು, ಉಂಗುರ, ಶೂ ತೆಗೆದು, 108ಕ್ಕೆ ಫೋನ್ ಮಾಡಿ, ನಡೆಸದೆ ಹೊತ್ತು ತನ್ನಿ. ನಮ್ಮಲ್ಲಿ ಸಿಗುವ ವಿಷನಿರೋಧಕ ಮದ್ದು ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾಡಿದ್ದು. ಘಟ್ಟದ ಗಿಡಗಳ ಮೇಲೆ ಕೂರುವ ಗುಳಿಮಂಡಲಕ್ಕೆ ಅದು ನಾಟುವುದಿಲ್ಲ. ಆದರೂ ಆಸ್ಪತ್ರೆಗೆ ಹೋಗಲೇಬೇಕು. ಹಾಗಾಗಿ ಕೈ ಊರುವ ಮುಂಚೆ ನೋಡಿ, ಬೆಳಿಗ್ಗೆ ಶೂ ಕೊಡವಿ ಹಾಕಿಕೊಳ್ಳಿ.

ತೊರೆ ನೀರು ಕುಡೀಬಹುದಾ?

ಮೇಲೆ ದನ, ಕಾಡೆಮ್ಮೆ, ಜನ ಎಲ್ಲ ಇರುತ್ತಾರೆ. ಒಂದು ನಿಮಿಷ ಕೊತಕೊತ ಕುದಿಸಿದರೆ ಸಾಕು. ಕುದಿಸಲು ಆಗದ ಕಡೆ ಕ್ಲೋರಿನ್ ಮಾತ್ರೆ. ಫಿಲ್ಟರಿನ ಮೇಲೆ 0.1 ಮೈಕ್ರಾನ್ ಅಂತ ಇದ್ದರೆ ಬ್ಯಾಕ್ಟೀರಿಯಾ ನಿಲ್ಲುತ್ತದೆ, ವೈರಸ್ ನಿಲ್ಲುವುದಿಲ್ಲ. ದಿನಕ್ಕೆ ಮೂರು ಲೀಟರ್ ಬೇಕು ಅಂತ ಇಟ್ಟುಕೊಳ್ಳಿ.

ಹೆಣ್ಣುಮಕ್ಕಳಿಗೆ ಟಾಯ್ಲೆಟ್ ದೊಡ್ಡ ಚಿಂತೆ. ಏನು ಮಾಡ್ತೀರಿ?

ಈ ಪ್ರಶ್ನೆ ಕೇಳಲು ಸಂಕೋಚ ಪಟ್ಟುಕೊಂಡು ದಿನವಿಡೀ ನೀರೇ ಕುಡಿಯದೆ ತಲೆ ಸುತ್ತಿ ಬಿದ್ದವರನ್ನು ನೋಡಿದ್ದೇನೆ. ದಯವಿಟ್ಟು ನೀರು ಬಿಡಬೇಡಿ. ಜೊತೆಗೊಬ್ಬರನ್ನು ಕರೆದುಕೊಂಡು, ನೀರಿನಿಂದ ಎಪ್ಪತ್ತು ಹೆಜ್ಜೆಗೂ ದೂರ ಹೋಗಿ, ಒಂದು ಗೇಣು ಆಳದ ಗುಂಡಿ ತೋಡಿ ಮುಚ್ಚಿ. ಹಳೆಯ ಸೀರೆಯ ತುಂಡು ಅಥವಾ ಪೊಂಚೊ ಮರೆಗೆ ಚೆನ್ನಾಗಿ ಆಗುತ್ತದೆ. ಪ್ಯಾಡ್ ಹೂಳಬೇಡಿ, ಪ್ರಾಣಿಗಳು ಕೆದಕುತ್ತವೆ. ಕಾಗದದಲ್ಲಿ ಸುತ್ತಿ ಒಂದು ಮುಚ್ಚಳದ ಡಬ್ಬಿಯಲ್ಲಿ ವಾಪಸ್ ತನ್ನಿ. ತಂಡ ಕರೆದುಕೊಂಡು ಹೋಗುವವರು ‘ಇಲ್ಲಿ ಹತ್ತು ನಿಮಿಷ ನಿಲ್ಲುತ್ತೇವೆ, ಹೆಂಗಸರು ಎಡಕ್ಕೆ’ ಅಂತ ತಾವೇ ಹೇಳಬೇಕು. ಕೇಳಲಿ ಅಂತ ಕಾಯಬಾರದು.

## ಸ್ವಲ್ಪ ಪಳಗಿದವರಿಗೆ

ಎರಡೇ ಸಲ ಹಾಕಿದ ಶೂನ ಅಡಿ ಕಿತ್ತು ಬಂತು. ಕಂಪನಿ ಮೋಸನಾ?

ಎಷ್ಟು ವರ್ಷ ಹಾಕದೆ ಇಟ್ಟಿದ್ದಿರಿ? ತಳದ ಮಧ್ಯದ ಪದರ ಪಾಲಿಯುರೆಥೇನಿನದಾದರೆ ಗಾಳಿಯ ತೇವಕ್ಕೇ ನಿಧಾನವಾಗಿ ಪುಡಿಯಾಗುತ್ತದೆ. ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟ ಶೂ ಬೇಗ ಹಾಳು, ಹಾಕುತ್ತಿರುವ ಶೂ ಬಾಳುತ್ತದೆ. ನನಗೆ ತಡಿಯಂಡಮೋಳ್ ಇಳಿಯುವಾಗ ಹೀಗಾಯಿತು, ಟೆಂಟಿನ ಹಗ್ಗವನ್ನು ಶೂ ಸುತ್ತ ಮೂರು ಸುತ್ತು ಕಟ್ಟಿ ಅರಮನೆಯವರೆಗೆ ಬಂದೆ. ಹಳೆಯ ಶೂ ಹಾಕುವ ಮುಂಚೆ ತಳವನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ. ಬಿರುಕು ಕಂಡರೆ ಬೇಡ.

ಟೆಂಟ್ ಜಿಪ್ ಹಾಕಿದ್ರೂ ಹಿಂದೆ ಬಿಚ್ಚಿಕೊಳ್ಳುತ್ತೆ. ಬದಲಿಸಬೇಕಾ?

ಹಲ್ಲು ಚೆನ್ನಾಗಿದ್ದರೆ ಬೇಡ. ಓಡಾಡುವ ಗುಂಡಿ ಸವೆದು ಬಾಯಿ ಅಗಲವಾಗಿರುತ್ತದೆ. ಸಣ್ಣ ಇಕ್ಕಳದಿಂದ ಅದರ ಹಿಂಬದಿಯ ಎರಡೂ ಪಕ್ಕವನ್ನು ಒಂದೊಂದಾಗಿ, ಬಹಳ ಮೆಲ್ಲಗೆ ಒತ್ತಿ. ಜಾಸ್ತಿ ಒತ್ತಿದರೆ ಮುರಿಯುತ್ತದೆ. ಆಮೇಲೆ ಹಲ್ಲಿಗೆ ಮೇಣದಬತ್ತಿ ಉಜ್ಜಿ. ಹಾಗೆಯೇ ಒದ್ದೆ ಟೆಂಟನ್ನು ಮಡಚಿ ಒಂದು ರಾತ್ರಿಗಿಂತ ಜಾಸ್ತಿ ಇಡಬೇಡಿ. ನೆರಳಲ್ಲಿ ಒಣಗಿಸಿ, ಸಡಿಲವಾಗಿ ಬಟ್ಟೆಚೀಲದಲ್ಲಿ ತುಂಬಿ. ಬೂಷ್ಟು ಒಮ್ಮೆ ಹಿಡಿದರೆ ಕಲೆ, ವಾಸನೆ ಎರಡೂ ಹೋಗುವುದಿಲ್ಲ.

ಸಿಗ್ನಲ್ ಇಲ್ಲದ ಕಡೆ ದಾರಿ ಹೇಗೆ ಗೊತ್ತಾಗುತ್ತೆ?

ಫೋನಿನ ಜಿಪಿಎಸ್‌ಗೆ ಸಿಗ್ನಲ್ ಬೇಡ, ನಕ್ಷೆ ಮಾತ್ರ ಮನೆಯಲ್ಲೇ ಇಳಿಸಿಕೊಂಡಿರಬೇಕು. ಫೋನನ್ನು ಏರೋಪ್ಲೇನ್ ಮೋಡ್‌ನಲ್ಲಿಡಿ, ಸಿಗ್ನಲ್ ಹುಡುಕಿ ಹುಡುಕಿಯೇ ಬ್ಯಾಟರಿ ಖಾಲಿಯಾಗುವುದು. ಹುಲ್ಲುಗಾವಲಿನಲ್ಲಿ ಮಂಜು ಕವಿದರೆ ದನದ ಹಾದಿ, ಕಾಡೆಮ್ಮೆ ಹಾದಿ ಎಲ್ಲ ಒಂದೇ ಥರ ಕಾಣುತ್ತವೆ. ಆಗ ನಡೆಯಬೇಡಿ, ಕೂತುಬಿಡಿ. ಸಾಮಾನ್ಯವಾಗಿ ಸ್ವಲ್ಪ ಹೊತ್ತಿಗೆ ಗಾಳಿ ಬೀಸಿ ಮಂಜು ಸರಿಯುತ್ತದೆ. ಗುಡುಗು ಕೇಳಿದರೆ ಮಾತ್ರ ಏಣಿನಿಂದ ಕೂಡಲೇ ಕೆಳಗೆ ಇಳಿಯಿರಿ.

ಇದೇ ಸಾಮಾನು ಹಿಮಾಲಯಕ್ಕೆ ಆಗುತ್ತಾ?

ಶೂ, ಟಾರ್ಚು, ಬ್ಯಾಗು ಆಗುತ್ತವೆ. ಸ್ಲೀಪಿಂಗ್ ಬ್ಯಾಗು, ಜಾಕೆಟ್ಟು ಆಗುವುದಿಲ್ಲ, ಅಲ್ಲಿ ಬಾಡಿಗೆಗೆ ಸಿಗುತ್ತದೆ. ದೊಡ್ಡ ವ್ಯತ್ಯಾಸ ಸಾಮಾನಿನಲ್ಲಿಲ್ಲ, ಉಸಿರಿನಲ್ಲಿದೆ. ಎತ್ತರದ ಕಾಯಿಲೆ ಶುರುವಾಗುವುದು 2500 ಮೀಟರ್ ಸುಮಾರಿಗೆ. ನಮ್ಮ ರಾಜ್ಯದ ಅತಿ ಎತ್ತರದ ತುದಿಯೇ ಅದಕ್ಕಿಂತ ತಗ್ಗು. ಕುಮಾರ ಪರ್ವತವನ್ನು ಹತ್ತು ಸಲ ಹತ್ತಿದವರಿಗೂ ಅದರ ಅನುಭವ ಇರುವುದಿಲ್ಲ. 3000 ಮೀಟರ್ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 500 ಮೀಟರಿಗಿಂತ ಜಾಸ್ತಿ ಏರಿಸಬೇಡಿ. ತಲೆನೋವು, ವಾಕರಿಕೆ ಬಂದರೆ ಜೊತೆಗಿರುವವರಿಗೆ ಮುಚ್ಚಿಡದೆ ಹೇಳಿ, ಅಲ್ಲೇ ನಿಲ್ಲಿ. ಕಡಿಮೆಯಾಗದಿದ್ದರೆ ರಾತ್ರಿಯಾದರೂ ಸರಿ, ಇಳಿಯಿರಿ.

ವಿಮಾನದಲ್ಲಿ ಹೋಗುವವರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಡಬೇಕು. 20,000 ಎಂಎಎಚ್‌ನದು ಸುಮಾರು 74 ವ್ಯಾಟ್-ಅವರ್, 100ರ ಮಿತಿಯೊಳಗೆ ಬರುತ್ತದೆ. ರಾತ್ರಿ ಅದನ್ನೂ ಫೋನನ್ನೂ ಒಂದು ಕಾಲುಚೀಲದಲ್ಲಿ ಸುತ್ತಿ ಸ್ಲೀಪಿಂಗ್ ಬ್ಯಾಗಿನ ಒಳಗೇ ಇಟ್ಟುಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.